ಬುತ್ತಿಗೂ ಒಂದು ಗಡಿಯಾರವಿದೆ

"ದಾರೀಲಿ ಏನಾದ್ರೂ ತಿಂದ್ರಾತು ಬಿಡು."

ಬೆಳಗಿನ ಐದಕ್ಕೆ ಕಾರಿನ ಡಿಕ್ಕಿ ಮುಚ್ಚುವಾಗ ದಾವಣಗೆರೆಯ ಮನೆಗಳಲ್ಲಿ ಕೇಳಿಬರುವ ಮಾತಿದು. ಪ್ರಯಾಣದಲ್ಲಿ ಹೊಟ್ಟೆ ಕೆಟ್ಟರೆ ನಾವು ಬೈಯುವುದು ಹೋಟೆಲಿನವನನ್ನು. ಅರ್ಧ ತಪ್ಪು ಈ ಮಾತಿನದು. ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್ ದಾರಿ. ಬರೀ ಕಾಫಿ ಕುಡಿದು ಹೊರಟವರಿಗೆ ಚಿತ್ರದುರ್ಗದಲ್ಲಿ ಹಸಿವಿಲ್ಲ, ಆಗಿನ್ನೂ ಆರು ಗಂಟೆ. ಹಿರಿಯೂರಿನಲ್ಲಿ "ಇನ್ನೊಂಚೂರು ಮುಂದೆ ಹೋಗೋಣ". ಶಿರಾ ಹತ್ತಿರ ಬಂದಾಗ ಹಿಂದಿನ ರಾತ್ರಿಯ ಊಟಕ್ಕೆ ಹತ್ತು ಹನ್ನೊಂದು ಗಂಟೆ ಕಳೆದಿರುತ್ತದೆ. ಅಷ್ಟು ಹಸಿದವರು ಮೆನು ಓದುವುದಿಲ್ಲ. ಪೂರಿ ಬರುತ್ತದೆ, ಪಕ್ಕದಲ್ಲೊಂದು ವಡೆ, ಮಕ್ಕಳಿಗೆಂದು ತರಿಸಿದ ಮಸಾಲೆ ದೋಸೆಯ ಅರ್ಧ, ಮೇಲೆರಡು ಕಾಫಿ. ತುಮಕೂರು ಬರುವುದರೊಳಗೆ ಹಿಂದಿನ ಸೀಟಿನವರಿಗೆ ತೂಕಡಿಕೆ, ಮುಂದಿನ ಸೀಟಿನವರಿಗೆ ಹುಳಿತೇಗು.

ದಾರಿಯ ಆರೋಗ್ಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಿನಿಸುಗಳ ಪಟ್ಟಿ ಕೊಡುತ್ತಾರೆ: ಓಟ್ಸ್, ಮಖಾನ, ಎನರ್ಜಿ ಬಾರ್. ದುಡ್ಡು ಇದ್ದವರು ಕೊಳ್ಳಲಿ. ಆದರೆ ದಾರಿಯಲ್ಲಿ 'ಏನು' ಎನ್ನುವುದಕ್ಕಿಂತ 'ಯಾವಾಗ' ಎನ್ನುವುದೇ ಹೆಚ್ಚು ಕೆಲಸ ಮಾಡುತ್ತದೆ. ಬೇಯಿಸಿ ಎಷ್ಟು ಹೊತ್ತಾಯಿತು, ಹಿಂದಿನ ತುತ್ತು ನುಂಗಿ ಎಷ್ಟು ಹೊತ್ತಾಯಿತು. ಈ ಎರಡು ಲೆಕ್ಕ ಇಟ್ಟುಕೊಂಡವರು ಬೆಣ್ಣೆ ದೋಸೆಯನ್ನೂ ತಿನ್ನಬಹುದು. ಇಟ್ಟುಕೊಳ್ಳದವರಿಗೆ ಮನೆಯಿಂದ ತಂದ ಅನ್ನವೇ ಕೈಕೊಡುತ್ತದೆ.

ಮೊದಲು ಮನೆಯ ಅನ್ನದ ವಿಚಾರವನ್ನೇ ನೋಡೋಣ. ಅಲ್ಲಿ ಆಗುವ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ಉಳಿದ ಅನ್ನ ಕಟ್ಟೆಯ ಮೇಲೆ ಹಾಗೇ ಇರುತ್ತದೆ, ಬೆಳಗ್ಗೆ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿ ಡಬ್ಬಿಗೆ ತುಂಬುತ್ತಾರೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅನ್ನ ಕುದಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ, ತೇವವಾಗಿ ಗಂಟೆಗಟ್ಟಲೆ ಕುಳಿತರೆ ಮೊಳೆತು, ಬೆಳೆದು, ಒಂದು ವಿಷವನ್ನು ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು; ಒಗ್ಗರಣೆಯ ಬಿಸಿ ಅದಕ್ಕೆ ಲೆಕ್ಕವೇ ಅಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ. ಅಂದರೆ ಏಳಕ್ಕೆ ಹಿರಿಯೂರಿನ ಹತ್ತಿರ ಕಾರು ನಿಲ್ಲಿಸಿ ಮನೆಯ ಚಿತ್ರಾನ್ನ ತಿಂದು, ಒಂಬತ್ತಕ್ಕೆ ಹೋಟೆಲಿನಲ್ಲಿ ಇಡ್ಲಿ ತಿಂದವರು ಹತ್ತಕ್ಕೆ ವಾಂತಿ ಮಾಡಿಕೊಂಡರೆ ಅಪವಾದ ಇಡ್ಲಿಗೆ. ಇದಕ್ಕೆ ವಿರುದ್ಧವಾಗಿ ಸಾಲ್ಮೊನೆಲ್ಲಾದಂಥ ಸೋಂಕು ಹೊಟ್ಟೆಯಲ್ಲಿ ಏಳಲು ಆರು ಗಂಟೆಯಿಂದ ಮೂರು ದಿನದವರೆಗೆ ತೆಗೆದುಕೊಳ್ಳುತ್ತದೆ. ಹಾಗಾಗಿ ಕೊನೆಗೆ ತಿಂದದ್ದನ್ನು ದೂರುವುದು ಬಹಳ ಸಲ ತಪ್ಪು ವಿಳಾಸಕ್ಕೆ ಕಾಗದ ಹಾಕಿದಂತೆ.

ಚಿತ್ರಾನ್ನ ಬೇಕೇ ಬೇಕೆಂದರೆ ಅನ್ನ ಬೆಳಗ್ಗೆಯೇ ಆಗಬೇಕು. ಕುಕ್ಕರಿನಿಂದ ತೆಗೆದ ತಕ್ಷಣ ಅಗಲದ ತಟ್ಟೆಯಲ್ಲಿ ಎರಡು ಬೆರಳಿನ ದಪ್ಪಕ್ಕಿಂತ ಹೆಚ್ಚಿಲ್ಲದಂತೆ ಹರಡಿ ಆರಿಸಿ. ನಾಲ್ಕು ಜನರಿಗೆ ಎರಡು ಪಾವು ಅಕ್ಕಿ ಹಾಕುವವರು ಒಂದೂವರೆಗೆ ಇಳಿಸಿ, ಆ ಜಾಗವನ್ನು ಹುರಿದ ಶೇಂಗಾಕ್ಕೆ ಬಿಡಿ. ನಿಂಬೆರಸ ಧಾರಾಳವಾಗಿರಲಿ. ಹಸಿ ಕಾಯಿತುರಿ ಬೇಡ. ಬುತ್ತಿಯಲ್ಲಿ ಮೊದಲು ಹಳಸುವುದು ಅದೇ. ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟಿಸಿದ ಇಡ್ಲಿಗೂ ಇದೇ ಮಾತು. ಇಡ್ಲಿಯನ್ನು ಒಂದೆರಡು ತಾಸಿನಲ್ಲಿ ಮುಗಿಸಬಹುದು, ಕಾಯಿಚಟ್ನಿಯನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು. ಜೊತೆಗೆ ಚಟ್ನಿಪುಡಿ ಇದ್ದರಾಯಿತು. ಪುಳಿಯೋಗರೆ ಚಿತ್ರಾನ್ನಕ್ಕಿಂತ ಹೆಚ್ಚು ಹೊತ್ತು ತಡೆಯುತ್ತದೆ, ಹುಣಸೆಯ ಹುಳಿ ಮತ್ತು ಎಣ್ಣೆ ಎರಡೂ ಕಾಯುತ್ತವೆ.

ಮೊಸರನ್ನದ ವಿಚಾರದಲ್ಲಿ ಎಲ್ಲ ಅಡುಗೆಮನೆಗಳಿಗೂ ಗೊತ್ತಿರುವ ಒಂದು ಉಪಾಯವಿದೆ: ಅನ್ನಕ್ಕೆ ಕಾಯಿಸಿದ ಹಾಲು ಸುರಿದು, ಒಂದೇ ಚಮಚ ಮೊಸರು ಹಾಕಿ ಕಲಸಿಬಿಡುವುದು. ದಾರಿಯಲ್ಲೇ ಹೆಪ್ಪಾಗುತ್ತದೆ, ಮಧ್ಯಾಹ್ನಕ್ಕೂ ಹುಳಿ ಬರುವುದಿಲ್ಲ. ರುಚಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಏಪ್ರಿಲ್ ತಿಂಗಳ ಚಿತ್ರದುರ್ಗದ ಬಿಸಿಲಿಗೆ ಇದನ್ನು ಒಪ್ಪುವುದು ಕಷ್ಟ. ಹಾಲು ಹುಳಿಯಾಗುವವರೆಗಿನ ಮೂರು ನಾಲ್ಕು ತಾಸು ಅನ್ನಕ್ಕೆ ಯಾವ ರಕ್ಷಣೆಯೂ ಇಲ್ಲ. ಬೇಸಿಗೆಯಲ್ಲಿ ಚೆನ್ನಾಗಿ ಹೆಪ್ಪಾದ ಮೊಸರನ್ನೇ ತಣ್ಣಗಾದ ಅನ್ನಕ್ಕೆ ಹಾಕಿ ಕಲಸಿ. ಸ್ವಲ್ಪ ಹುಳಿಯಾದರೆ ಆಗಲಿ, ಇಲ್ಲಿ ಹುಳಿಯೇ ಕಾವಲುಗಾರ. ಸೌತೆಕಾಯಿ, ಈರುಳ್ಳಿ ಹೆಚ್ಚಿ ಮೊದಲೇ ಬೆರೆಸಬೇಡಿ, ನೀರು ಬಿಟ್ಟು ಕೆಡಿಸುತ್ತವೆ. ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ ಸಿಗುವ ಕಾಲವಾದರೆ ಇಡೀ ಹಣ್ಣನ್ನೇ ಒಯ್ದು, ತಿನ್ನುವಾಗ ಬಿಡಿಸಿ ಉದುರಿಸಿಕೊಳ್ಳುವುದು ಸೊಗಸು.

ಬೇಯಿಸಿದ ತೇವದ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹೊರಗಿನ ಬಿಸಿ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಆಹಾರ ಸುರಕ್ಷತೆಯ ಪ್ರಸಿದ್ಧ ನಿಯಮ ಇದು. ಹುಳಿ, ಉಪ್ಪು, ಒಣಗಿಸುವಿಕೆ ಇವು ಈ ಗಡುವನ್ನು ಹಿಂದಕ್ಕೆ ತಳ್ಳುತ್ತವೆ, ತಣ್ಣನೆಯ ಚೀಲವೂ ತಳ್ಳುತ್ತದೆ. ಚೀಲಕ್ಕೆ ದೊಡ್ಡ ಖರ್ಚು ಬೇಡ. ಅರ್ಧ ಲೀಟರಿನ ಎರಡು ಬಾಟಲಿಗಳಿಗೆ ಮುಕ್ಕಾಲು ಭಾಗ ನೀರು ತುಂಬಿ ರಾತ್ರಿ ಫ್ರೀಜರಿನಲ್ಲಿಡಿ. ಪೂರ್ತಿ ತುಂಬಿದರೆ ಮಂಜುಗಡ್ಡೆ ಹಿಗ್ಗಿ ಬಾಟಲಿ ಸೀಳುತ್ತದೆ. ಒಳಗೆ ಥರ್ಮೋಕೋಲ್ ಅಥವಾ ಫಾಯಿಲ್ ಪದರವಿರುವ ಚೀಲದಲ್ಲಿ ಮೊಸರಿನ ಡಬ್ಬಿಯ ಎರಡು ಬದಿಗೆ ಅವನ್ನು ಒರಗಿಸಿ. ಮಧ್ಯಾಹ್ನ ಕರಗಿದ ಮೇಲೆ ಅದೇ ಕುಡಿಯುವ ತಣ್ಣೀರು. ಚೀಲದ ಜಾಗ ಡಿಕ್ಕಿಯಲ್ಲ. ಅಲ್ಲಿಗೆ ಎ.ಸಿ. ಗಾಳಿ ಮುಟ್ಟುವುದಿಲ್ಲ. ಮುಂದಿನ ಸೀಟಿನ ಹಿಂದೆ, ಕಾಲಿಡುವ ಕಡೆ ಇರಲಿ. ಸಿಪ್ಪೆ ಸಹಿತ ಬೇಯಿಸಿದ ಮೊಟ್ಟೆಗೂ ಈ ಚೀಲವೇ ಗತಿ. ಹೊರಗಿಟ್ಟರೆ ಎರಡು ತಾಸಿನ ಮೇಲೆ ನಂಬುವಂತಿಲ್ಲ.

ಇಷ್ಟೆಲ್ಲ ತಲೆನೋವು ಬೇಡ ಎನ್ನುವವರಿಗೆ ಬಯಲುಸೀಮೆಯಲ್ಲಿ ಹಳೆಯ ಉತ್ತರವೊಂದಿದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು ನಡೆಯುವುದು ಮಾರ್ಚ್ ಸುಮಾರಿಗೆ, ಬಿಸಿಲು ಏರುವ ಕಾಲ. ಬಂಡಿ ಕಟ್ಟಿಕೊಂಡು ಹೋಗುತ್ತಿದ್ದವರ ಬುತ್ತಿಯಲ್ಲಿ ಫ್ರಿಜ್ ಇರಲಿಲ್ಲ, ಕಟಕ ರೊಟ್ಟಿ ಇತ್ತು. ರೊಟ್ಟಿಯಲ್ಲಿ ನೀರೇ ಇಲ್ಲದ ಮೇಲೆ ಅದರ ಮೇಲೆ ಬೆಳೆಯುವುದಾದರೂ ಏನು? ಹಂಚಿನ ಮೇಲೆ ಬೇಯಿಸಿದ ಜೋಳದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಎರಡೂ ಕಡೆ ಒತ್ತಿ, ಬಾಗಿಸಿದರೆ ಮುರಿಯುವವರೆಗೆ ಒಣಗಿಸಬೇಕು. ನಡುವೆ ಮೆತ್ತಗುಳಿದರೆ ಎರಡನೇ ದಿನವೇ ಬೂಷ್ಟು. ಬಿಸಿಯಿದ್ದಾಗ ಡಬ್ಬಿಗೆ ಹಾಕಿದರೂ ಅದೇ ಕಥೆ, ಹಬೆ ನೀರಾಗಿ ರೊಟ್ಟಿಗೇ ಇಳಿಯುತ್ತದೆ. ಹತ್ತಿ ಬಟ್ಟೆಯ ಮೇಲೆ ಅರ್ಧ ಗಂಟೆ ಆರಿಸಿ, ಬಟ್ಟೆಯಲ್ಲೇ ಸುತ್ತಿ ಡಬ್ಬಿಗಿಡಿ. ಸಜ್ಜೆ ರೊಟ್ಟಿಗೂ ಇದೇ ಕ್ರಮ. ಆದರೆ ಸಜ್ಜೆ ಹಿಟ್ಟಿನಲ್ಲಿ ಕೊಬ್ಬು ಹೆಚ್ಚು, ಹಿಟ್ಟು ಹಳೆಯದಾದರೆ ಕಹಿ ಬರುತ್ತದೆ, ಆದ್ದರಿಂದ ಹೊಸದಾಗಿ ಬೀಸಿಸಿದ್ದೇ ಆಗಬೇಕು. ಚಪಾತಿಯಾದರೆ ಅದೇ ದಿನದ ಮಾತು ಅಷ್ಟೇ.

ನಾಲ್ಕು ಜನರ ಒಂದು ದಿನಕ್ಕೆ ಹನ್ನೆರಡು ರೊಟ್ಟಿ, ನೂರು ಗ್ರಾಂ ಶೇಂಗಾ ಚಟ್ನಿಪುಡಿ, ಐವತ್ತು ಗ್ರಾಂ ಅಗಸಿ ಅಥವಾ ಗುರೆಳ್ಳು ಪುಡಿ, ಇಡಿಯಾಗಿ ತೊಳೆದು ಒರೆಸಿದ ನಾಲ್ಕು ಸೌತೆಕಾಯಿ, ಎರಡು ಈರುಳ್ಳಿ, ಒಂದು ಚಾಕು. ರೊಟ್ಟಿಗೆ ಗಟ್ಟಿ ಮೊಸರು ಸವರಿ, ಮೇಲೆ ಪುಡಿ ಉದುರಿಸಿದರೆ ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ, ಹಲ್ಲಿಲ್ಲದವರಿಗೂ ಸಲೀಸು. ಚಟ್ನಿಪುಡಿಯಲ್ಲಿ ಉಪ್ಪು ಜಾಸ್ತಿ ಎನ್ನುವುದು ರಕ್ತದೊತ್ತಡದವರಿಗೆ ನೆನಪಿರಲಿ. ದಿನಕ್ಕೆ ಐದು ಗ್ರಾಂ ಉಪ್ಪು ಎಂಬ ಮಿತಿ ದಾರಿಯಲ್ಲಿ ಹಪ್ಪಳ, ಉಪ್ಪಿನಕಾಯಿ, ಸಾಂಬಾರ್ ಸೇರಿ ಮಧ್ಯಾಹ್ನದೊಳಗೇ ಮುಗಿದಿರುತ್ತದೆ. ಅವರು ಪುಡಿಯನ್ನು ಮನೆಯಲ್ಲೇ ಅರ್ಧ ಉಪ್ಪಿಗೆ ಕುಟ್ಟಿಸಿಕೊಳ್ಳಲಿ.

ಹೆದ್ದಾರಿಯ ತಿಂಡಿಯಲ್ಲಿ ನಿಜವಾಗಿ ಕಡಿಮೆ ಬೀಳುವುದು ಪ್ರೋಟೀನು, ಜೊತೆಗೆ ನಾರು. ಇಡ್ಲಿ, ದೋಸೆ, ಪೂರಿ, ಉಪ್ಪಿಟ್ಟು, ಬಿಸ್ಕತ್ತು ಎಲ್ಲ ಹೆಚ್ಚಾಗಿ ಪಿಷ್ಟವೇ. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ ಐವತ್ತು ಗ್ರಾಂನಷ್ಟು ಪ್ರೋಟೀನು ಬೇಕು. ಒಂದು ಹಿಡಿ, ಅಂದರೆ 30 ಗ್ರಾಂ ಹುರಿದ ಶೇಂಗಾದಲ್ಲಿ ಏಳು ಗ್ರಾಂ ಮೇಲೆ ಸಿಗುತ್ತದೆ. ಅಷ್ಟೇ ಹುರಿಗಡಲೆಯಲ್ಲಿ ಆರು ಗ್ರಾಂ, ಒಂದು ಮೊಟ್ಟೆಯಲ್ಲೂ ಆರು. ಚಳ್ಳಕೆರೆಯ ಗಾಣ, ಮಿಲ್ಲುಗಳಿಗೆ ಶೇಂಗಾ ಕಳಿಸುವ ಜಿಲ್ಲೆಯಲ್ಲಿ ಕುಳಿತು ಅಮೆರಿಕದ ಬಾದಾಮಿಗೆ ದುಡ್ಡು ಸುರಿಯುವುದು ಒಂದು ವಿನೋದ. ಆದರೆ ಶೇಂಗಾವನ್ನು ದೊಡ್ಡ ಪೊಟ್ಟಣದಿಂದ ತಿನ್ನಬಾರದು. ಒಂದು ಹಿಡಿಗೆ 170 ಕ್ಯಾಲೊರಿ, ಸ್ಟೀರಿಂಗ್ ಹಿಡಿದ ಕೈ ಲೆಕ್ಕ ಇಡುವುದಿಲ್ಲ. ಹೊರಡುವ ಮೊದಲೇ ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಡಬ್ಬಿ ಮಾಡಿ ಕೊಡಿ. ಬೇಯಿಸಿದ ಶೇಂಗಾ ರುಚಿಯೇ ಬೇರೆ, ಆದರೆ ಅದು ತೇವದ ಪದಾರ್ಥ. ಬೆಳಗಿನ ತಂಪಿನಲ್ಲೇ ಮುಗಿಸಿ.

ಇನ್ನು ಬೆಣ್ಣೆ ದೋಸೆ. ಬೆಂಗಳೂರಿನಿಂದ ಬರುವವರು ಇದಕ್ಕೇ ಕಾದಿರುತ್ತಾರೆ, ಆರೋಗ್ಯದ ಲೇಖನಗಳು ಇದಕ್ಕೇ ಮೂಗು ಮುರಿಯುತ್ತವೆ. ಲೆಕ್ಕ ಸರಳ: ಒಂದು ದೊಡ್ಡ ಚಮಚ ಬೆಣ್ಣೆ, ಸುಮಾರು 14 ಗ್ರಾಂ, ನೂರು ಕ್ಯಾಲೊರಿ. ಕೆಂಡದ ಒಲೆಯ ಕಾವಲಿ ಮೇಲೆ ಒಂದು ಸಲ, ತಟ್ಟೆಯಲ್ಲಿ ಮೇಲೊಂದು ಮುದ್ದೆ, ಹೀಗೆ ಎರಡು ಚಮಚ ಆಯಿತೆಂದರೆ ಬೆಣ್ಣೆಯದೇ ಇನ್ನೂರು. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ಸೇರಿರುವುದರಿಂದ ದೋಸೆ ಬಾಯಲ್ಲಿ ಕರಗುತ್ತದೆ, ಹೊಟ್ಟೆಯಲ್ಲೂ ಬೇಗ ಕರಗುತ್ತದೆ. ಅದಕ್ಕೇ ಎರಡನೆಯದು ಬೇಕೆನಿಸುವುದು. "ಬೆಣ್ಣೆ ಕಡಿಮೆ ಹಾಕ್ರಿ" ಎನ್ನುವುದು ನಮ್ಮ ಮಟ್ಟಿಗೆ ಬೆಣ್ಣೆ ದೋಸೆಗೆ ಮಾಡುವ ಅವಮಾನ. ಬೇಡವಾದವರಿಗೆ ಇಡ್ಲಿ ಇದೆ. ದೋಸೆಯನ್ನು ಊಟದ ಜಾಗದಲ್ಲಿ ತಿನ್ನಿ, ಎರಡು ಊಟದ ನಡುವೆ ತುರುಕಬೇಡಿ ಎನ್ನುವುದಷ್ಟೇ ನಮ್ಮ ತಕರಾರು. ಚಿತ್ರದುರ್ಗದಲ್ಲಿ ಎಂಟಕ್ಕೆ ತಿಂಡಿ ಮುಗಿಸಿ, 60 ಕಿಲೋಮೀಟರ್ ಓಡಿಸಿ ಒಂಬತ್ತೂಕಾಲಿಗೆ ದಾವಣಗೆರೆಯಲ್ಲಿ ದೋಸೆಗೆ ಕುಳಿತರೆ ಅದು ಹಸಿವಿನ ಊಟವಲ್ಲ. ಚಿತ್ರದುರ್ಗದಲ್ಲಿ ಒಂದು ಸೀಬೆಹಣ್ಣು, ಹಿಡಿ ಹುರಿಗಡಲೆಯಲ್ಲಿ ಹೊಟ್ಟೆಯನ್ನು ಸಮಾಧಾನ ಮಾಡಿ ಬನ್ನಿ. ದೋಸೆ ಒಂದು, ಪಲ್ಯ ಪೂರ್ತಿ, ಚಟ್ನಿ ಆ ಹೊತ್ತಿನದು. ಆಮೇಲೆ ಒಂದೂವರೆ, ಎರಡರ ತನಕ ನೀರು, ಮಜ್ಜಿಗೆ. ಬೆಣ್ಣೆಯ ಬಗ್ಗೆ ಒಂದು ಪರೀಕ್ಷೆ: ದೋಸೆ ತಣ್ಣಗಾದ ಮೇಲೆ ಬಾಯಿಯ ಅಂಗುಳಕ್ಕೆ ಮೇಣದಂತೆ ಅಂಟಿದರೆ ಅದರಲ್ಲಿ ವನಸ್ಪತಿ ಸೇರಿರುವ ಅನುಮಾನ ಪಡಬಹುದು. ಬೆಣ್ಣೆ ಬಾಯಿಯ ಬಿಸಿಗೆ ಕರಗಿ ಹೋಗುತ್ತದೆ.

ಮಂಡಕ್ಕಿ-ಮೆಣಸಿನಕಾಯಿ ಬಗ್ಗೆ ಅಷ್ಟು ಉದಾರವಾಗಿ ಹೇಳಲು ಆಗುವುದಿಲ್ಲ. ತಪ್ಪು ಮಂಡಕ್ಕಿಯದಲ್ಲ. ಒಗ್ಗರಣೆ ಮಂಡಕ್ಕಿಗೆ ಪುಟಾಣಿ ಪುಡಿ, ಈರುಳ್ಳಿ, ಟೊಮೆಟೊ, ಮೇಲೊಂದು ಹಿಡಿ ಶೇಂಗಾ ಹಾಕಿಸಿಕೊಂಡರೆ ಸಂಜೆಗೆ ಅದು ಲಘುವಾದ, ಒಳ್ಳೆಯ ತಿಂಡಿ. ಎಡವಟ್ಟಾಗುವುದು ಮೆಣಸಿನಕಾಯಿ ಬಜ್ಜಿ ಕರಿಯುವ ಬಾಣಲೆಯಲ್ಲಿ. ಬೆಳಗಿನಿಂದ ಕಾದ ಎಣ್ಣೆ ಕಪ್ಪಾಗಿ, ಅಂಚಿನಲ್ಲಿ ನೊರೆ ನಿಂತು, ಸಣ್ಣ ಉರಿಗೇ ಹೊಗೆ ಬಿಟ್ಟು, ಮೂಗಿಗೆ ಘಾಟು ಹೊಡೆಯುತ್ತಿದ್ದರೆ ಅದು ಮುಗಿದ ಎಣ್ಣೆ. ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಒಟ್ಟು ಶೇ. 25 ದಾಟಿದರೆ ಬಳಸಬಾರದೆಂಬ ನಿಯಮ ಇದೆ, ಆದರೆ ಗಾಡಿ ಮುಂದೆ ನಿಂತವರಿಗೆ ಅಳತೆಯಂತ್ರ ಎಲ್ಲಿಂದ ಬರಬೇಕು? ಕಣ್ಣು, ಮೂಗು ಸಾಕು. ಎಣ್ಣೆ ತಿಳಿಯಾಗಿದ್ದರೆ ಎರಡು ಮೆಣಸಿನಕಾಯಿ ತಿನ್ನಿ, ಅಚ್ಚಿನ ಶಾಯಿಯ ಪೇಪರಿನಲ್ಲಿ ಎಣ್ಣೆ ಒತ್ತಬೇಡಿ.

ಹೋಟೆಲ್ ಆರಿಸುವಾಗ ಬೋರ್ಡು ನೋಡಿ ಪ್ರಯೋಜನವಿಲ್ಲ. ಒಳಗೆ ಹೋಗಿ "ಏನ್ ಬಿಸಿ ಐತ್ರಿ?" ಎಂದು ಕೇಳಿ. ಮಾಣಿ ಹೇಳುವ ಮೊದಲ ಹೆಸರನ್ನು ತರಿಸಿಕೊಳ್ಳಿ. ಬೆಂಕಿಯಿಂದ ನೇರ ತಟ್ಟೆಗೆ ಬರುವ ಇಡ್ಲಿ, ದೋಸೆ, ಕುದಿಯುವ ಸಾಂಬಾರ್ ಕ್ಷೇಮ. ಮಧ್ಯಾಹ್ನ ನಾಲ್ಕಕ್ಕೆ ಉಳಿದ ಪಲ್ಯ, ಹೆಚ್ಚಿಟ್ಟ ಈರುಳ್ಳಿ ಅಲ್ಲ.

ಮಧ್ಯಾಹ್ನಕ್ಕೆ ದಾವಣಗೆರೆಯಲ್ಲಿದ್ದರೆ ಖಾನಾವಳಿಗೆ ಹೋಗಿ. ಎರಡು ಜೋಳದ ರೊಟ್ಟಿ, ಹೆಸರು ಅಥವಾ ಮಡಿಕೆ ಕಾಳಿನ ಪಲ್ಯ, ಎಣ್ಣೆಗಾಯಿ, ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಮೊಸರು. ಯಾವ ಡಯಟ್ ಪಟ್ಟಿಯೂ ಇದಕ್ಕಿಂತ ಚೆನ್ನಾಗಿ ತಟ್ಟೆ ಜೋಡಿಸಲಾರದು. ಕಾಳುಪಲ್ಯವನ್ನು ಇನ್ನೊಮ್ಮೆ ಹಾಕಿಸಿಕೊಳ್ಳಿ, ಅನ್ನಕ್ಕೆ ಬಂದಾಗ ಒಂದು ಸೌಟಿಗೆ ಕೈ ಅಡ್ಡ ಹಿಡಿಯಿರಿ. ಹಸಿ ಸೊಪ್ಪು ಕೈಯಲ್ಲಿ ಮುಟ್ಟಿದರೆ ತೊಳೆದ ತೇವ ಇರಬೇಕು, ಮಣ್ಣು ಸಿಕ್ಕರೆ ಬಿಡಿ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಊಟ ಮಾಡದಿದ್ದರೂ ದೇಹ ಜೋಮು ಹಿಡಿಯುತ್ತದೆ, ಅದು ಅದರ ಸಹಜ ಲಯ. ಮೇಲೆ ಎರಡು ಸಲ ಅನ್ನ-ಸಾರು, ಪಾಯಸ ಸೇರಿದರೆ ಚಿತ್ರದುರ್ಗದ ಬೆಟ್ಟಗಳ ಮೇಲಿನ ಗಾಳಿಯಂತ್ರಗಳು ತಿರುಗುವುದನ್ನು ನೋಡುತ್ತಲೇ ಕಣ್ಣು ಮುಚ್ಚುತ್ತದೆ. ರಸ್ತೆಯೋ ನೇರ, ಎಚ್ಚರಿಸಲು ತಿರುವಿಲ್ಲ. ಕಾಫಿ ಏರಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಆದ್ದರಿಂದ ಕಾಫಿ ಕುಡಿದು, ಕಾರು ನೆರಳಿಗೆ ನಿಲ್ಲಿಸಿ, ಕಿಟಕಿ ಸ್ವಲ್ಪ ಇಳಿಸಿ ಹದಿನೈದು ನಿಮಿಷ ಮಲಗಿ. ಏಳುವಾಗ ನಿದ್ದೆ ಮತ್ತು ಕಾಫಿ ಎರಡೂ ಕೆಲಸ ಮಾಡಿರುತ್ತವೆ. ನಿದ್ದೆ ಓಡಿಸಲು ಚಿಪ್ಸ್ ಮೆಲ್ಲುವುದು ಬಾಯಿಗೆ ಕೆಲಸ ಕೊಟ್ಟೀತು, ಕಣ್ಣಿಗಲ್ಲ.

ನಿಂತಲ್ಲೆಲ್ಲ ಚಹಾ ಕುಡಿಯುವವರು ಸಕ್ಕರೆಯ ಲೆಕ್ಕ ಮಾಡಲಿ. ಲೋಟಕ್ಕೆ ಎರಡು ಚಮಚವೆಂದರೂ ಐದು ನಿಲ್ದಾಣಕ್ಕೆ ಹತ್ತು ಚಮಚ, 40 ಗ್ರಾಂ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮೇಲ್ಮಿತಿ ಸುಮಾರು 50, ಒಳ್ಳೆಯದು 25. "ಸಕ್ಕರೆ ಕಡಿಮೆ" ಎಂದರೆ ಸಾಲದು, ಹಂಡೆಯಲ್ಲೇ ಬೆರೆತಿರುತ್ತದೆ. "ಸಕ್ಕರೆ ಬ್ಯಾರೆ ಕೊಡ್ರಿ" ಎನ್ನಬೇಕು.

ನೀರನ್ನು ಮಾತ್ರ ನಮ್ಮ ಜನ ಬೇಕೆಂದೇ ಕಡಿಮೆ ಕುಡಿಯುತ್ತಾರೆ, ಅದರಲ್ಲೂ ಹೆಂಗಸರು. ಕಾರಣ ಶೌಚಾಲಯ, ದೂರುವಂತಿಲ್ಲ. ಆದರೆ ಸಂಜೆಯ ತಲೆನೋವು, ಮರುದಿನದ ಮಲಬದ್ಧತೆ, ಉರಿಮೂತ್ರ ಎಲ್ಲಕ್ಕೂ ಇದು ದಾರಿ. ಗಂಟೆಗೊಂದು ಲೋಟ, 200 ಮಿಲಿಲೀಟರ್, ಎರಡು ತಾಸಿಗೊಮ್ಮೆ ಪೆಟ್ರೋಲ್ ಬಂಕಿನ ನಿಲುಗಡೆ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಹೆದರಿಕೆ ಕಡಿಮೆ. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಒಂದು ದಿನ ಕುಡಿದವರಿಗೆ ಅದರಿಂದ ಏನೂ ಆಗುವುದಿಲ್ಲ, ವರ್ಷಗಟ್ಟಲೆ ಕುಡಿಯುವವರ ಹಲ್ಲು, ಮೂಳೆ ಅದರ ಬೆಲೆ ತೆರುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಪ್ರಯಾಣಿಕರ ಚಿಂತೆ ಕ್ರಿಮಿಗಳದ್ದು, ಅದಕ್ಕೆ ಕುದಿಸಿದ ನೀರೇ ಸಾಕು; ಮುಗಿದರೆ ಊರೂರಿನ ಶುದ್ಧ ನೀರಿನ ಘಟಕದಲ್ಲಿ ತುಂಬಿಸಿಕೊಳ್ಳಿ. ಕಬ್ಬಿನ ಹಾಲಿನಲ್ಲಿ ಅನುಮಾನ ಇರುವುದು ಕಬ್ಬಿನ ಮೇಲಲ್ಲ, ಐಸಿನ ಮೇಲೆ. ಎಳನೀರು ಕಣ್ಣೆದುರೇ ಕೊಚ್ಚಿದ್ದು, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಮೂತ್ರಪಿಂಡದ ತೊಂದರೆ ಇರುವವರು ಕುಡಿಯಬಾರದು. ಬೇಧಿ ಹತ್ತಿದರೆ ಓ.ಆರ್.ಎಸ್. ಪೊಟ್ಟಣ, ಅದೂ ಇಲ್ಲವಾದರೆ ಒಂದು ಲೀಟರ್ ಶುದ್ಧ ನೀರಿಗೆ ಸಪಾಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ, ಕೈಯಂದಾಜು ಬೇಡ.

ಚಿತ್ರದುರ್ಗದ ಕೋಟೆ ಹತ್ತುವ ಯೋಜನೆ ಇದ್ದರೆ ಊಟಕ್ಕೆ ಮುಂಚೆ ಹತ್ತಿ, ಬಂಡೆ ಕಾಯುವ ಮೊದಲು. ತಲೆಗೊಂದು ಲೀಟರ್ ನೀರು. ಅಕ್ಕ-ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡಗಳನ್ನು ಬಂಡೆಗಳ ನಡುವೆ ಕಟ್ಟಿಸಿದವರು ಮೇಲೆ ನೀರಿಗೆ ಎಷ್ಟು ಬೆಲೆಯೆಂದು ಬಲ್ಲವರು. ತಿಂಡಿಯ ಕವರನ್ನು ಕೈಯಲ್ಲಿ ತೂಗಾಡಿಸಬೇಡಿ, ಮಂಗಗಳಿವೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ "ಇನ್ನೊಂಚೂರು ಮುಂದೆ ಹೋಗೋಣ" ಎನ್ನುವುದು ಅಪಾಯದ ಮಾತು. ಔಷಧಿ ತನ್ನ ಹೊತ್ತಿಗೆ ಕೆಲಸ ಮಾಡುತ್ತದೆ, ಹೋಟೆಲಿಗೆ ಕಾಯುವುದಿಲ್ಲ. ಓಡಿಸುವ ಮೊದಲು ಒಮ್ಮೆ, ಆಮೇಲೆ ಎರಡು ಗಂಟೆಗೊಮ್ಮೆ ಗ್ಲುಕೋಮೀಟರ್ ನೋಡಿ. ಕೈ ನಡುಗಿ ಬೆವರಿದರೆ ರಕ್ತದ ಸಕ್ಕರೆ ಇಳಿದಿರಬಹುದು; ಕಾರು ಬದಿಗೆ ಹಾಕಿ, 15 ಗ್ರಾಂ ಗ್ಲುಕೋಸ್, ಅಂದರೆ ಮೂರು ಟೀ ಚಮಚ ತುಂಬ, ನೀರಿನಲ್ಲಿ ಕದಡಿ ಕುಡಿದು ಹದಿನೈದು ನಿಮಿಷ ಕಾಯಿರಿ, ಏರದಿದ್ದರೆ ಇನ್ನೊಮ್ಮೆ. ಚಾಕೊಲೇಟ್ ಇದಕ್ಕೆ ಆಗದು, ಅದರ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ. ಇನ್ಸುಲಿನ್ ಮಂಜುಗಡ್ಡೆಗೆ ತಾಗಬಾರದು, ಬಿಸಿಲಲ್ಲಿ ನಿಂತ ಕಾರಿನಲ್ಲೂ ಉಳಿಯಬಾರದು. ಬಟ್ಟೆ ಸುತ್ತಿ ಚೀಲದಲ್ಲಿಟ್ಟು, ಇಳಿಯುವಾಗ ಜೊತೆಗೇ ಒಯ್ಯಿರಿ.

ಆಗುಂಬೆ, ಚಾರ್ಮಾಡಿ ಕಡೆ ಹೊರಟವರ ಮಕ್ಕಳಿಗೆ ಘಾಟಿಗೆ ಒಂದು ತಾಸು ಮುಂಚೆ ಕಟಕ ರೊಟ್ಟಿಯ ತುಂಡೋ ಒಣ ಮಂಡಕ್ಕಿಯೋ ಸಾಕು. ಖಾಲಿ ಹೊಟ್ಟೆಯೂ ಬೇಡ, ಕರಿದದ್ದೂ ಬೇಡ. ತಿರುವುಗಳಲ್ಲಿ ವಾಂತಿ ಬರದಂತೆ ಮೊಬೈಲ್ ಕಸಿದುಕೊಳ್ಳಿ.

ರಾತ್ರಿ ಮನೆ ಸೇರಿದ ಮೇಲೆ ಡಬ್ಬಿ ತೆರೆಯುವ ಕೆಲಸ ಉಳಿದಿರುತ್ತದೆ. ಮೊಸರನ್ನ, ಚಿತ್ರಾನ್ನ ಎಷ್ಟೇ ಉಳಿದಿರಲಿ, ಮೂಸಿ ನೋಡಿ ತೀರ್ಮಾನಿಸಬೇಡಿ, ಅನ್ನದಲ್ಲಿ ಬ್ಯಾಕ್ಟೀರಿಯಾ ಬಿಡುವ ಆ ವಿಷಕ್ಕೆ ವಾಸನೆ ಇಲ್ಲ; ಚೆಲ್ಲಿಬಿಡಿ. ರೊಟ್ಟಿಯನ್ನು ಮಾತ್ರ ಬಟ್ಟೆ ಬದಲಿಸಿ ಮತ್ತೆ ಸುತ್ತಿಡಿ. ನಾಳೆ ಬೇಳೆಸಾರಿಗೆ ಮುರಿದು ಹಾಕಿಕೊಳ್ಳಬಹುದು.